ಚಕ್ಕುಲಿಯ ಊಟ ಮತ್ತು ಇತರೆ

ಆ ವಾಸನೆಯನ್ನು ಪರಮಶಿವಯ್ಯ ಮೇಷ್ಟ್ರಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ರಾಮನಗರದಲ್ಲಿ ಅವರು ಚಿಕ್ಕಂದಿನಲ್ಲಿ ಶಾಲೆಗೆ ಹೋಗುತ್ತಿದ್ದ ದಾರಿಯ ಎರಡೂ ಕಡೆ ರೇಷ್ಮೆ ನೂಲು ಬಿಚ್ಚುವ ಮನೆಗಳು. ಗೂಡು ಬೇಯುವ ನೀರಿನ ಹಬೆ, ನೂಲೆಲ್ಲ ಬಿಚ್ಚಿಕೊಂಡ ಮೇಲೆ ಉಳಿಯುವ ಹುಳುಗಳ ರಾಶಿ, ಅದರ ಮೇಲೆ ಬಿಸಿಲು. ಹುಡುಗ ಪರಮಶಿವ ಹುಣಸೆಮರದ ಹತ್ತಿರ ಉಸಿರು ಕಟ್ಟಿದರೆ ಶಾಲೆಯ ಗೇಟಿನಲ್ಲೇ ಬಿಡುತ್ತಿದ್ದುದು. ಒಂದು ದಿನ ಅರ್ಧ ದಾರಿಯಲ್ಲಿ ಹೆಡ್‌ಮಾಸ್ಟರು ಎದುರಾಗಿ ಹೆಸರು ಕೇಳಿಬಿಟ್ಟರು. ಹೇಳಲು ಬಾಯಿ ತೆರೆದದ್ದೇ ತಡ, ವಾಸನೆ ಒಳಗೆ ಹೋಗಿ ಅರವತ್ತು ವರ್ಷ ಅಲ್ಲೇ ಕೂತುಬಿಟ್ಟಿತು.

ಈ ಗುರುವಾರ ಬೆಳಿಗ್ಗೆ ಅದು ಮತ್ತೆ ಎದ್ದು ಬಂತು. ಮೇಷ್ಟ್ರು ಪೂಜೆ ಮುಗಿಸಿ, ಉಟ್ಟ ರೇಷ್ಮೆ ಮಡಿಯಲ್ಲೇ ತುಳಸಿಗೆ ನೀರು ಹಾಕಲು ಹಿತ್ತಲಿಗೆ ಹೋಗಿದ್ದರು. ನಾಯಿಯ ತಟ್ಟೆಯ ಹತ್ತಿರ ನಿಂತವರು ಮೂಗು ಹಿಡಿದುಕೊಂಡೇ ಕೂಗಿದರು.

"ರುದ್ರಾ, ಬಾ ಇಲ್ಲಿ. ಈ ತಟ್ಟೆ ಮೂಸಿ ನೋಡು."

ಮಗ ರುದ್ರಪ್ರಸಾದ್ ಹಲ್ಲುಜ್ಜುತ್ತಿದ್ದ. ಹಳೇ ಬಸ್‌ಸ್ಟ್ಯಾಂಡಿನ ಬಳಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ನಲವತ್ತೆರಡು ವರ್ಷದ ಮನುಷ್ಯ. ಯಾರು ಏನು ಹೇಳಿದರೂ ಅದರ ಇನ್ನೊಂದು ಪ್ರತಿಯ ಹಾಗೆ ತಲೆಯಾಡಿಸುವುದು ಅವನ ಸ್ವಭಾವ. ಬಗ್ಗಿ ಮೂಸಿದ. ಪೇಸ್ಟಿನ ಪುದೀನ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ.

"ಇದು ರೇಷ್ಮೆ ಹುಳದ ವಾಸನೆ," ಅಂದರು ಮೇಷ್ಟ್ರು. "ಈ ಮನೆಯೊಳಗೆ ಹುಳ ಬಂದಿದೆ."

ನಾಯಿಯ ಹೆಸರು ಚಕ್ಕುಲಿ. ಬಾಲ ಹಾಗೆ ಸುತ್ತಿಕೊಂಡಿದ್ದರಿಂದ ಬಂದ ಹೆಸರು. ಎಂಟು ತಿಂಗಳ ಹಿಂದೆ ಅಂಗಡಿಯ ಬಾಗಿಲಲ್ಲಿ ನಡುಗುತ್ತಾ ಮಲಗಿದ್ದ ಮರಿಯನ್ನು ರುದ್ರಪ್ರಸಾದ್ ಮನೆಗೆ ತಂದಾಗ ಮೇಷ್ಟ್ರು ಒಂದೇ ಕರಾರು ಹಾಕಿದ್ದರು: ಲಿಂಗಪೂಜೆಯ ಮನೆ, ನಾಯಿಗಾದರೂ ಮಾಂಸ ಕೂಡದು. ಅದಕ್ಕೇ ಅವನು ಊರೆಲ್ಲ ಹುಡುಕಿ 'ಹಸಿರೆಲೆ ಶುದ್ಧ ಸಸ್ಯಾಹಾರಿ ಶ್ವಾನ ಆಹಾರ'ದ ಚೀಲ ಹೊತ್ತು ತಂದಿದ್ದ. ಚೀಲ ತರುವುದು ಅವನ ಕೆಲಸ, ತಟ್ಟೆಗೆ ಹಾಕುವುದು ತಾಯಿ ವಿಮಲಮ್ಮನ ಕೆಲಸ. ಎಂಟು ತಿಂಗಳಲ್ಲಿ ಚಕ್ಕುಲಿಯ ಮೈ ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ಹೊಳೆಯತೊಡಗಿತ್ತು. ಸಂಜೆ ಅಂಗಡಿಯಿಂದ ಬಂದಾಗ ಆ ಮನೆಯಲ್ಲಿ ರುದ್ರಪ್ರಸಾದನನ್ನು ಕಂಡು ಎದ್ದು ನಿಲ್ಲುವ ಜೀವ ಅದೊಂದೇ.

ಮೇಷ್ಟ್ರು ಚೀಲ ತರಿಸಿ ಕನ್ನಡಕ ಏರಿಸಿ ಓದಿದರು. "ರಾಗಿ, ಮುಸುಕಿನ ಜೋಳ, ಹುರುಳಿ, ಕಡಲೆಕಾಯಿ ಹಿಂಡಿ ಮತ್ತು ಇತರೆ." ನಿಲ್ಲಿಸಿ ಬೆರಳಿಟ್ಟರು. "ಏನು ಈ ಇತರೆ?"

"ಉಪ್ಪುಗಿಪ್ಪು ಇರಬಹುದಪ್ಪ."

"ಉಪ್ಪು ಇದ್ದಿದ್ರೆ ಉಪ್ಪು ಅಂತಲೇ ಬರೀತಿದ್ರು. ಮೂವತ್ನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದೀನಿ ಕಣೋ. ಗೊತ್ತಿಲ್ಲದ್ದನ್ನೂ ಹೇಳಬಾರದ್ದನ್ನೂ ಹುಡುಗರು 'ಇತರೆ' ಅಂತಲೇ ಬರೀತಿದ್ದಿದ್ದು."

ಅಷ್ಟರಲ್ಲಿ ಬಲಗಡೆಯ ಕಾಂಪೌಂಡಿನ ಮೇಲೆ ಒಂದು ತಲೆ ಮೂಡಿತು. ನಾಗರಾಜು. ಮೂವತ್ತು ವರ್ಷ ಸಾತನೂರು ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಗಲೂ ಎದುರಿಗೆ ಬಂದವರನ್ನೆಲ್ಲ ಟಿಕೆಟ್ ತಗೊಂಡಿಲ್ಲವೇನೋ ಎಂಬಂತೆ ನೋಡುತ್ತಿದ್ದ.

"ಮೇಷ್ಟ್ರೇ, ಹುಳದ ನೂಲು ಮೈಮ್ಯಾಕೆ ಸುತ್ಕಂಡು ನಿಂತಿದೀರ. ಅದೇ ಹುಳ ನಾಯಿ ಹೊಟ್ಟೆಗೋದ್ರೆ ಏನಾಯ್ತದೆ?"

"ಮಡಿ ಬೇರೆ, ಊಟ ಬೇರೆ ನಾಗರಾಜು," ಅಂದರು ಮೇಷ್ಟ್ರು, ಪಂಚೆಯನ್ನು ಸ್ವಲ್ಪ ಮೇಲೆತ್ತಿಕೊಂಡು. ಆಮೇಲೆ ಮಗನ ಕಡೆ ತಿರುಗಿದರು. "ಇವತ್ತು ದೀಪ ಹಚ್ಚೋ ಹೊತ್ತಿಗೆ ಇದನ್ನು ಮಾಡೋರ ಬಾಯಿಂದಲೇ ಉತ್ತರ ಕೇಳಿಕೊಂಡು ಬಾ. ಹುಳ ಅಂದ್ರೆ, ಅಥವಾ ಉತ್ತರ ಇಲ್ಲ ಅಂದ್ರೆ, ನಾಳೆ ನಾಯಿ ಸಾತನೂರಿಗೆ."

ಸಾತನೂರಿನಲ್ಲಿ ಮೇಷ್ಟ್ರ ಭಾವಮೈದುನನ ಹಿಪ್ಪುನೇರಳೆ ತೋಟವಿತ್ತು. ಅಲ್ಲಿ ನಾಯಿಗಳನ್ನು ಕಂಬಕ್ಕೆ ಕಟ್ಟುತ್ತಾರೆ, ಹೆಸರಿಡುವುದಿಲ್ಲ.

ವಿಮಲಮ್ಮ ಅಡುಗೆಮನೆಯಿಂದ ಬಂದು, "ಈ ಬಿಸಿಲಲ್ಲಿ ಎಲ್ಲಿಗೆ ಹೋಗ್ತಾನೆ? ತಟ್ಟೆ ತೊಳೆದಿಟ್ರೆ ವಾಸನೆ ಹೋಗುತ್ತೆ ಬಿಡಿ," ಅಂದರು. ಮೇಷ್ಟ್ರು ಅವರ ಮುಖ ನೋಡಿದ ತಕ್ಷಣ, "ಅಯ್ಯೋ, ಹಾಲು," ಎಂದು ಒಳಗೆ ಹೋದರು.

ಚೀಲದ ಮೇಲಿದ್ದ ನಂಬರಿಗೆ ರುದ್ರಪ್ರಸಾದ್ ಫೋನು ಮಾಡಿದ. ಎತ್ತಿದ್ದು ಹೆಂಗಸು.

"ಮೇಡಂ, ನಿಮ್ಮ ಚೀಲದ ಮೇಲೆ 'ಮತ್ತು ಇತರೆ' ಅಂತ ಇದೆ. ಇತರೆ ಅಂದ್ರೆ ಏನು?"

"ಇತರೆ ಅಂದ್ರೆ ಬ್ಯಾರೇವು."

"ಬೇರೆ ಅಂದ್ರೆ?"

"ಮೇಲೆ ಬರ್ದಿರೋವು ಬುಟ್ಟು ಮಿಕ್ಕಿದ್ದು ಕಣಪ್ಪ. ಒಲೆ ಉರೀತಾ ಐತೆ, ಮಡಗ್ತೀನಿ."

ಫೋನು ಕಟ್ಟಾಯಿತು. "ನೋಡ್ದಾ? ತಪ್ಪಿಸ್ಕತಾವ್ರೆ," ಅಂದ ನಾಗರಾಜು. "ಇಂಥವ್ರನ್ನ ಖುದ್ದಾಗಿ ಹೋಗಿ ಹಿಡೀಬೇಕು. ಫ್ಯಾಕ್ಟ್ರಿ ಕೂಟಗಲ್ಲಲ್ಲೇ ಐತೆ. ನನ್ ಸ್ಕೂಟರ್‌ನಲ್ಲೇ ಹೋಗಮ. ನಾಯೀನೂ ತಕ್ಕೊ, ಸಾಕ್ಷಿಗೆ."

"ನಾಯಿ ಏನು ಸಾಕ್ಷಿ ಹೇಳುತ್ತೆ ನಾಗರಾಜಣ್ಣ?"

"ತಿಂದಿರೋದು ನೀನಾ, ಅದಾ?"

ರುದ್ರಪ್ರಸಾದ್ ತಲೆಯಾಡಿಸಿದ.

ಹೋಗುವ ದಾರಿಯಲ್ಲಿ ಅಂಗಡಿಯ ಬಾಗಿಲು ಅರ್ಧ ತೆಗೆದು, ತಯಾರಕರನ್ನು ಕೇಳಬೇಕಾದ ಹನ್ನೊಂದು ಪ್ರಶ್ನೆಗಳನ್ನು ಟೈಪು ಮಾಡಿ, ಅಭ್ಯಾಸಬಲದಿಂದ ಲ್ಯಾಮಿನೇಷನ್ನೂ ಮಾಡಿಕೊಂಡ. ಮುಂದೆ ನಾಗರಾಜುವಿನ ಕಾಲ ನಡುವೆ ಹ್ಯಾಂಡಲಿಗೆ ಮುಂಗಾಲಿಟ್ಟು ನಿಂತ ಚಕ್ಕುಲಿ, ಹಿಂದೆ ಹಾಳೆ ಹಿಡಿದ ರುದ್ರಪ್ರಸಾದ್. ಸ್ಕೂಟರು ಹೊರಟಿತು. ನಾಯಿಯ ಕಿವಿ ಗಾಳಿಗೆ ಹಾರಿ ನಾಗರಾಜುವಿನ ಕನ್ನಡಕಕ್ಕೆ ಬಡಿಯುತ್ತಿತ್ತು. ಪ್ರತಿ ಹಂಪಿನಲ್ಲೂ ಅವನು ಹಳೆ ಅಭ್ಯಾಸಕ್ಕೆ, "ಹಿಂದಕ್ಕೆ ಹೋಗಿ, ಹಿಂದಕ್ಕೆ ಹೋಗಿ," ಅನ್ನುತ್ತಿದ್ದ. ಹಿಂದೆ ಹೋಗಲು ಜಾಗವಿರಲಿಲ್ಲ.

ಕಾರ್ಖಾನೆ ಎಂದರೆ ಒಂದು ಹಿಟ್ಟಿನ ಗಿರಣಿ, ಪಕ್ಕಕ್ಕೆ ತಗಡಿನ ಶೆಡ್ಡು. ಮಾಲೀಕ ದೇವರಾಜು ಮೈಯೆಲ್ಲ ರಾಗಿಹಿಟ್ಟು ಮೆತ್ತಿಕೊಂಡು ಹೊರಬಂದ. ಹಿಂದೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿದ ಮಾಯಮ್ಮ. ಬೆಳಿಗ್ಗೆ ಫೋನು ಎತ್ತಿದ್ದು ಅವಳೇ, ಹಿಟ್ಟು ಹದ ಮಾಡುವವಳೂ ಅವಳೇ.

ರುದ್ರಪ್ರಸಾದ್ ಹಾಳೆ ಮುಂದೆ ಹಿಡಿದ. ಬಿಸಿಲು ಪ್ಲಾಸ್ಟಿಕ್ಕಿಗೆ ಬಿದ್ದು ಕಣ್ಣು ಕೋರೈಸಿತು, ಒಂದಕ್ಷರವೂ ಕಾಣಲಿಲ್ಲ. ಬಾಯಿಪಾಠದಿಂದ ಶುರು ಮಾಡಿದ.

"ಪ್ರಶ್ನೆ ಒಂದು. ತಯಾರಕರ ಹೆಸರು?"

"ಬೋರ್ಡ್ ಮೇಲೈತಲ್ಲ ಸಾ."

"ಪ್ರಶ್ನೆ ಎರಡು. ಇದರಲ್ಲಿ ಬಳಸುವ ರಾಗಿ ಎಲ್ಲೀದು?"

"ಇಲ್ಲೀದೆ. ಆ ಹೊಲ ಕಾಣ್ತದಲ್ಲ, ಅದು."

ಹೀಗೆ ಐದು ಪ್ರಶ್ನೆಗಳು ನೆಮ್ಮದಿಯಾಗಿ ನಡೆದವು. ದೇವರಾಜು ಒಂದೊಂದೇ ಮೂಟೆ ಬಿಚ್ಚಿ ರಾಗಿ, ಜೋಳ, ಹುರುಳಿ, ಹಿಂಡಿ ಕೈಗೆ ಹಾಕಿ ತೋರಿಸಿದ. ಆರನೆಯ ಪ್ರಶ್ನೆಯನ್ನು ರುದ್ರಪ್ರಸಾದ್ ಹೇಗೆ ಕೇಳುವುದೆಂದು ತೊದಲುತ್ತಿದ್ದಾಗ ನಾಗರಾಜು ಮುಂದೆ ಬಂದ.

"ಸುತ್ತಿ ಬಳಸಿ ಯಾಕೆ? ಇದಕ್ಕೆ ರೇಷ್ಮೆ ಹುಳ ಹಾಕ್ತೀರಂತೆ. ಒಪ್ಕಂಬುಡಿ."

ಗಿರಣಿ ನಿಂತಿತು. ಮಾಯಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಬಂದಳು.

"ಯಾವನ್ಲಾ ಹಂಗಂದೋನು? ಈ ಕೈಲಿ ನಾನು ಹುಳ ಕಲಸ್ತೀನಾ? ನಾಯಿಗೆ ಅಂತ ನಾನೇನಾರ ಕಲ್ಲಿರೋ ರಾಗಿ ಹಾಕಿದೀನಾ? ನನ್ ಮೊಮ್ಮಕ್ಳಿಗೆ ಜರಡಿ ಹಿಡ್ದಂಗೆ ಹಿಡೀತೀನಿ."

"ಹಂಗಾದ್ರೆ ಆ ಇತರೆ ಏನು, ಯೋಳಮ್ಮ," ಅಂದ ನಾಗರಾಜು, ಎರಡು ಹೆಜ್ಜೆ ಹಿಂದಕ್ಕೆ ಹೋಗಿ.

ಮಾಯಮ್ಮ ದೇವರಾಜುವಿನ ಮುಖ ನೋಡಿದಳು. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಬೆಲ್ಲ. ಒಸಿ ಉಪ್ಪು. ಜೀರಿಗೆ, ಕರಿಬೇವು. ಬಾಯ್ಬುಟ್ಟು ಬರುದ್ರೆ ಬೇರೆಯೋರು ಕಾಪಿ ಹೊಡೀತಾರೆ ಅಂತ ಇತರೆ ಅಂದ್ವಿ. ಅಷ್ಟೇ ಸಾ. ನಾವು ಮನೇಲಿ ಕೋಳಿ ಕುಯ್ಯೋ ಜನ ದಿಟ. ಆದ್ರೆ ಚೀಲದ ಮೇಲೆ ಸಸ್ಯಾಹಾರಿ ಅಂತ ಬರ್ದ ಮೇಲೆ ಈ ಶೆಡ್ಡೊಳಕ್ಕೆ ಮೊಟ್ಟೆ ಬಂದಿಲ್ಲ."

ಮಾಯಮ್ಮ ಆ ನಾಯಿ ಆಹಾರದ ಬಿಸಿ ಬಿಸಿ ಉಂಡೆಗಳನ್ನು ಹಿಡಿ ತುಂಬ ತೆಗೆದು ಅಲ್ಲೇ ನಿಂತು ತಿಂದಳು. ಅಗಿಯುವಾಗ ಅವಳ ಕಣ್ಣಲ್ಲಿ ನೀರು ಬಂದದ್ದನ್ನು ರುದ್ರಪ್ರಸಾದ್ ನೋಡಿದ. ಅವನ ಮನಸ್ಸಿಗೆ ತುಂಬ ಕೆಟ್ಟದೆನಿಸಿತು.

"ತಪ್ಪಾಯ್ತಮ್ಮ," ಅಂದ.

ಆ ಒಂದು ಮಾತಿಗೆ ಅವಳ ಕೋಪ ಇಳಿಯಿತು. ಒಳಗೆ ಹೋಗಿ ತಂಬಿಗೆ ನೀರು, ಒಂದು ಅಚ್ಚು ಬೆಲ್ಲ ತಂದುಕೊಟ್ಟಳು. "ಬೆಳಗ್ಗಿಂದ ಏನೂ ಉಂಡಿಲ್ಲ ಅಲ್ವಾ? ಮೊಕ ಬಾಡೋಗೈತೆ."

ತಪ್ಪಾಯಿತು ಅಂದವನನ್ನು ದೇವರಾಜು ಮಾತ್ರ ಸುಮ್ಮನೆ ಬಿಡಲಿಲ್ಲ. ಚಕ್ಕುಲಿಯ ಹೊಳೆಯುವ ಮೈ ಸವರಿ ಮೊಬೈಲು ತೆಗೆದ. "ಎಂಟು ತಿಂಗ್ಳು ನಮ್ದೇ ತಿಂದು ಹಿಂಗಾಗಿರೋದಾ? ಸಾ, ಊರೆಲ್ಲ ನಮ್ ಮ್ಯಾಲೆ ಹುಳದ ಮಾತು ಹಬ್ಬೋಕೆ ಮುಂಚೆ ಒಂದು ವಿಡಿಯೋ ಮಾಡ್ಕೊಡಿ. ನಾಯಿ ತಿನ್ನಲಿ, ನೀವು ಎರಡು ಒಳ್ಳೆ ಮಾತಾಡಿ."

ಚಕ್ಕುಲಿಯ ಮುಂದೆ ತಟ್ಟೆ ಇಟ್ಟರು. ಅದು ಒಮ್ಮೆ ಮೂಸಿತು. ಮದುವೆಮನೆಯಲ್ಲಿ ಎರಡನೇ ಪಂಕ್ತಿಯಲ್ಲಿ ಪಾಯಸ ಮುಗಿದಿದೆ ಎಂದು ಕೇಳಿದ ಬೀಗರ ಹಾಗೆ ಮುಖ ತಿರುಗಿಸಿ ಕೂತಿತು.

"ಸ್ಕೂಟರ್‌ನಲ್ಲಿ ಕುಂತು ಹೊಟ್ಟೆ ತೊಳ್ಸಿರ್ತದೆ," ಅಂದ ನಾಗರಾಜು. "ನನ್ ಬಸ್ನಲ್ಲೂ ಹಿಂಗೇ ಆಗೋರು. ರುದ್ರಪ್ಪ, ನೀನೇ ತಿನ್ನು."

"ನಾನಾ?"

"ಆಯಮ್ಮ ತಿನ್ನಲಿಲ್ವಾ? ಆಯಮ್ಮನ ಮೇಲೆ ಅನುಮಾನ ಪಟ್ಟೋನು ನೀನು."

ಮಾಯಮ್ಮ ಇನ್ನೊಂದು ಹಿಡಿ ಉಂಡೆ ತಂದು ಅವನ ಮುಂದೆ ಹಿಡಿದಳು. ರುದ್ರಪ್ರಸಾದನಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಒಂದುಂಡೆ ಬಾಯಿಗೆ ಹಾಕಿಕೊಂಡ. ಗರಿಗರಿಯಾಗಿತ್ತು, ಜೀರಿಗೆಯ ಘಮ. ಹಸಿದ ಹೊಟ್ಟೆ ಇನ್ನೆರಡು ಬೇಡಿತು. ಕ್ಯಾಮೆರಾದ ಕಡೆ ನೋಡುತ್ತ, "ನಾನು ರಾಮನಗರದ ರುದ್ರಪ್ರಸಾದ್. ಇದರಲ್ಲಿ ಹುಳ ಇಲ್ಲ. ಚೆನ್ನಾಗಿದೆ," ಅಂದ.

ದೇವರಾಜು ಸಂತೋಷದಿಂದ ಮೂರು ಚೀಲ ಪುಕ್ಕಟೆ ಹೇರಿದ. ಚೀಲಗಳ ಮೇಲೆ ಚಕ್ಕುಲಿ, ಚಕ್ಕುಲಿಯನ್ನು ಅಪ್ಪಿಕೊಂಡು ರುದ್ರಪ್ರಸಾದ್. ಸ್ಕೂಟರು ಎತ್ತಿನಗಾಡಿಗೂ ದಾರಿ ಬಿಟ್ಟುಕೊಡುತ್ತಾ ರಾಮನಗರ ಮುಟ್ಟಿದಾಗ ಸಂಜೆ ಐದೂವರೆ. ಅವರಿಗಿಂತ ವಿಡಿಯೋ ಮೊದಲು ತಲುಪಿತ್ತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಅಶೋಕ್ ಲೋಟ ಎತ್ತಿ, "ರುದ್ರಣ್ಣ, ಟೀಗೆ ಬನ್ನು ಕೊಡ್ಲಾ, ನಿಂದೇ ಐತಾ?" ಎಂದು ಕೇಳಿದ.

ಏನಾದರಾಗಲಿ, ಚಕ್ಕುಲಿ ಉಳಿಯಿತು. ಆ ಒಂದು ಸಮಾಧಾನದಲ್ಲಿ ಅವನು ಜಗಲಿಯಲ್ಲಿ ಕೂತಿದ್ದ ಅಪ್ಪನ ಎದುರಿಗೆ ಹೋಗುವ ಮೊದಲು ನಾಯಿಯನ್ನು ಕಟ್ಟಿಹಾಕಲು ಓಣಿಯಿಂದ ಹಿತ್ತಲಿಗೆ ಬಂದ.

ಎಡಗಡೆಯ ಕಾಂಪೌಂಡಿನ ಬಳಿ ಅವನ ತಾಯಿ ನಿಂತಿದ್ದರು. ಆಚೆ ಕಡೆ ಮುಷರಫ್. ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕ ನಡೆಸುವವನು, ಮನೆಯ ಹಿಂದೆ ನಾಲ್ಕಾರು ಕೋಳಿ ಸಾಕಿದ್ದವನು. ವಿಮಲಮ್ಮ ಒಂದು ಮೊರದಷ್ಟು 'ಹಸಿರೆಲೆ' ಉಂಡೆಗಳನ್ನು ಅವನ ಬುಟ್ಟಿಗೆ ಸುರಿದರು. ಅವನು ಒಂದು ಸ್ಟೀಲ್ ಡಬ್ಬಿಯನ್ನು ಗೋಡೆಯ ಮೇಲಿಟ್ಟ.

"ಇವತ್ತು ಚೆನ್ನಾಗಿ ಒಣಗಿಸಿದೀನಿ ಅಮ್ಮ. ನಿನ್ನೆ ಹಸಿ ಇತ್ತು, ಅದಕ್ಕೇ ವಾಸನೆ."

ಚಕ್ಕುಲಿ ಹಗ್ಗ ಕಿತ್ತುಕೊಂಡು ಓಡಿತು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅದರ ಬಾಲ ಬಿಚ್ಚಿ ನೆಟ್ಟಗಾಯಿತು.

"ಅಮ್ಮಾ," ಅಂದ ರುದ್ರಪ್ರಸಾದ್.

ವಿಮಲಮ್ಮ ತಿರುಗಿ ನೋಡಿದರು. ಅಡಗಿಸಿಡಲು ಏನೂ ಉಳಿದಿರಲಿಲ್ಲ. "ನಾಯಿ ಎರಡನೇ ದಿನದಿಂದಲೇ ಆ ಉಂಡೆ ಮುಟ್ಟಲಿಲ್ಲ ಕಣೋ. ಎಲುಬು ಕಾಣ್ತಿತ್ತು. ಹೇಳಿದ್ರೆ ನಿಮ್ಮಪ್ಪ ಓಡಿಸ್ತಿದ್ರು, ನೀನು ಊಟ ಬಿಡ್ತಿದ್ದೆ. ಮುಷರಫ್‌ಗೂ ಕೋಳಿಗೆ ಹುಳ ಹಾಕಿದ್ರೆ ಮೊಟ್ಟೇಲಿ ವಾಸನೆ ಅಂತ ಚಿಂತೆ. ಅದಕ್ಕೆ ಅದಲು ಬದಲು."

"ವಿಡಿಯೋ ನೋಡ್ದೆ ರುದ್ರಣ್ಣ," ಅಂದ ಮುಷರಫ್ ಮೆಲ್ಲಗೆ. "ನಮ್ಮ ಕೋಳಿಗಳೂ ಅಷ್ಟೇ ಇಷ್ಟಪಟ್ಟು ತಿಂತಾವೆ. ಮೂರು ಚೀಲ ತಂದ್ರಂತೆ, ಒಳ್ಳೇದಾಯ್ತು."

ಜಗಲಿಯಿಂದ ಕೂಗು ಬಂತು. "ಬಂದ್ಯೇನೋ ರುದ್ರಾ?"

ವಿಮಲಮ್ಮ ಡಬ್ಬಿಯನ್ನು ಸೆರಗಿನೊಳಗೆ ಸರಿಸಿಕೊಂಡರು. ರುದ್ರಪ್ರಸಾದ್ ಜಗಲಿಗೆ ಹೋಗಿ ಅಪ್ಪನ ಎದುರು ನಿಂತ. ಮೇಷ್ಟ್ರು ದೀಪ ಹಚ್ಚಿ ಮುಗಿಸಿದ್ದರು. ಅವರ ಮುಖದಲ್ಲಿ ಅಪರೂಪದ ಮೆಚ್ಚುಗೆ ಇತ್ತು.

"ನಾಗರಾಜು ತೋರಿಸಿದ. ನೀನೇ ಬಾಯಿಗೆ ಹಾಕ್ಕೊಂಡು ಪರೀಕ್ಷೆ ಮಾಡಿದೀಯ. ಭೇಷ್. ಅವರ ಆಹಾರದಲ್ಲಿ ಹುಳ ಇಲ್ಲ, ಒಪ್ಪಿದೆ."

"ಹಾಗಾದ್ರೆ ಚಕ್ಕುಲಿ..."

"ಇರು. ಅದರಲ್ಲಿ ಇಲ್ಲ ಅಂದ್ರೆ ವಾಸನೆ ಎಲ್ಲಿಂದ ಬಂತು? ಚೀಲ ಕಳೆದರೆ ಉಳಿಯೋದು ಮನೆ." ಮೇಷ್ಟ್ರು ಲೆಕ್ಕ ಬಿಡಿಸುವಾಗಿನ ಹಳೆಯ ಉತ್ಸಾಹದಲ್ಲಿ ಕೈ ಉಜ್ಜಿಕೊಂಡರು. "ಅಂದ್ರೆ ಮನೆಯೊಳಗಿಂದ ಯಾರೋ ತಂದು ಹಾಕ್ತಿದಾರೆ. ನಾಳೆ ಬೆಳಿಗ್ಗೆ ಹಿತ್ತಲಿಂದ ಶುರು ಮಾಡಿ ಒಂದೊಂದು ಡಬ್ಬಾನೂ ಮೂಸಿ ನೋಡೋಣ. ನಾನೂ ನೀನೂ. ಆ ನಿನ್ನ ಪ್ರಶ್ನೆಪತ್ರಿಕೆ ಇದೆಯಲ್ಲ, ಲ್ಯಾಮಿನೇಷನ್ ಮಾಡಿಸಿದ್ದು? ಅದೇ ಸಾಕು. ಹೆಸರು ಬದಲಾಯಿಸಿ ಮನೆಯವರಿಗೆಲ್ಲ ಕೇಳು."

ರುದ್ರಪ್ರಸಾದ್ ಎಂದಿನಂತೆ ತಲೆಯಾಡಿಸಿದ.

ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಾಗ ಅವನಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಹಿತ್ತಲಲ್ಲಿ ಚಕ್ಕುಲಿ ತಟ್ಟೆ ನೆಕ್ಕುವ ಸದ್ದು ಕೇಳುತ್ತಿತ್ತು. ವಿಮಲಮ್ಮ ಬಂದು ಅವನ ಕೈಗೆ ತಟ್ಟೆ ಕೊಟ್ಟರು. ಮುದ್ದೆ, ಸೊಪ್ಪಿನ ಸಾರು, ಯಾವತ್ತೂ ಒಂದು ಚಮಚ ಹಾಕುವ ತುಪ್ಪ ಇವತ್ತು ಮೂರು ಚಮಚ. ಅದು ಲಂಚ ಎಂದು ಅವನಿಗೆ ತಿಳಿಯಿತು. ಆದರೂ ಬಿಸಿಯಾಗಿತ್ತು. ಅವನು ತಲೆ ತಗ್ಗಿಸಿ ಮುದ್ದೆ ಮುರಿದ.