ನಾನು ಉದ್ಯಮಿಯಾದ ಹನ್ನೆರಡು ದಿನ

ಆರು ವರ್ಷದಿಂದ ನಾನು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದೆ. ವಿನೋಬನಗರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿದರೆ, ಹತ್ತರ ಹೊತ್ತಿಗೆ ಎರಡು ಖಾನಾವಳಿಗೂ ಒಂದು ಹಾಸ್ಟೆಲ್ಲಿಗೂ ರೊಟ್ಟಿ ಹೋಗಿಬಿಡುತ್ತಿತ್ತು. ಇದಕ್ಕೆ ಉದ್ಯಮ ಎನ್ನುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದೇ ತಪ್ಪಾಯಿತು!

ಒಂದು ದಿನ ಪಕ್ಕದ ಮನೆಯ ಶಾಂತಕ್ಕ ಸಮುದಾಯ ಭವನದಲ್ಲಿ ಏನೋ ಶಿಬಿರವಿದೆ, ಟೀ ಬಿಸ್ಕತ್ತೂ ಇದೆ ಎಂದು ಎಳೆದುಕೊಂಡು ಹೋದರು. ವೇದಿಕೆಯ ಮೇಲೆ ಒಬ್ಬ ಅಧಿಕಾರಿ ಮೈಕು ಹಿಡಿದು, "ತಾಯಂದಿರೇ, ಸಣ್ಣ ಉದ್ದಿಮೆ ಶುರು ಮಾಡಿ! ಸರ್ಕಾರ ನಿಮ್ಮ ಬೆನ್ನಿಗಿದೆ!" ಎಂದರು. ರೊಟ್ಟಿ ಬಡಿದೂ ಬಡಿದೂ ನನಗೆ ಇದ್ದದ್ದೇ ಬೆನ್ನುನೋವು. ನೇರವಾಗಿ ನನಗೇ ಹೇಳಿದಂತಾಯಿತು. ಮೇಲಾಗಿ ರೊಟ್ಟಿ ಮಾಡುವ ಯಂತ್ರಕ್ಕೆ ಸಹಾಯಧನವೂ ಉಂಟಂತೆ. ಗುಂಡಿ ಒತ್ತಿದರೆ ರೊಟ್ಟಿ ಬೀಳುತ್ತದಂತೆ! ಶಾಂತಕ್ಕ ಬಿಸ್ಕತ್ತು ತಿಂದು ಮನೆಗೆ ಬಂದರು. ನಾನು ಅರ್ಜಿ ತಗೊಂಡು ಬಂದೆ.

ನಮ್ಮ ಯಜಮಾನರು ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರು. ಪಾಳಿ ಮುಗಿಸಿ ಬಂದ ಮನುಷ್ಯನಿಗೆ ಅರ್ಜಿ ತೋರಿಸಬಾರದು. ತೋರಿಸಿದೆ.

"ಹೆಂಗೂ ನಡೀತೈತಲ್ಲ, ಯಾಕ ಬೇಕಿತ್ತು ಇದೆಲ್ಲ?" ಎಂದರು.

"ಬರೀ ನಡೆದ್ರೆ ಆಗಲ್ರಿ, ಓಡಬೇಕು!" ಎಂದೆ. ಶಿಬಿರದಲ್ಲಿ ಕಲಿತ ಮಾತು.

ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಜೆರಾಕ್ಸ್ ಅಂಗಡಿಯವರು ಪರದೆಯನ್ನು ಮೇಲಿಂದ ಕೆಳಗೆ ಹುಡುಕಿ ತಲೆಯಾಡಿಸಿದರು.

"ರೊಟ್ಟಿ ಇಲ್ರಿ ಅಕ್ಕಾ. ಬ್ರೆಡ್ ಐತೆ, ಕೇಕ್ ಐತೆ."

"ಎರಡೂ ತಿನ್ನೋವೇ ಅಲ್ಲೇನ್ರಿ, ಕೇಕ್ ಹಾಕ್ರಿ."

"ಕೆಲಸಗಾರರು ಎಷ್ಟು ಜನ? ಸೊನ್ನೆ ಹಾಕಿದ್ರೆ ಮುಂದಕ್ಕೆ ಹೋಗ್ತಿಲ್ಲ."

ನಾನು ನಮ್ಮತ್ತೆಯ ಹೆಸರು ಬರೆಸಿದೆ. ಹೀಗೆ ಐದು ನಿಮಿಷದಲ್ಲಿ ನಾನು ಕೇಕ್ ತಯಾರಕಿಯೂ ಎಪ್ಪತ್ತೆರಡು ವರ್ಷದ ಅತ್ತೆಗೆ ಮಾಲೀಕಳೂ ಆಗಿ ಹೊರಬಂದೆ.

ಮನೆಗೆ ಬಂದು ಹೇಳಿದರೆ ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗಂಭೀರವಾಗಿ ಕನ್ನಡಕ ಹಾಕಿಕೊಂಡು ಕಾಗದ ನೋಡಿದರು.

"ನಂಗೆ ಯಾವ ಕೆಲಸ?"

"ಪ್ಯಾಕಿಂಗು, ಅತ್ತೆ. ಬರೀ ಕಾಗದದಾಗೆ."

"ಕಾಗದದಾಗಾದ್ರೂ ಸರಿ, ಸೋಮವಾರ ನಂಗೆ ರಜ ಬೇಕು" ಎಂದರು. ಅಂದಿನಿಂದ ಕೊತ್ತಂಬರಿ ಸೋಸುವುದನ್ನೂ ನಿಲ್ಲಿಸಿದರು. ಅದು ಪ್ಯಾಕಿಂಗಿಗೆ ಬರುವುದಿಲ್ಲವಂತೆ!

ಆಮೇಲೆ ಹರಿಹರದಲ್ಲಿ ಹತ್ತು ದಿನದ ತರಬೇತಿ. ಒಂಬತ್ತಕ್ಕೆ ಸರಿಯಾಗಿ ಅಲ್ಲಿ ಹೆಬ್ಬೆರಳು ಒತ್ತಿ ಹಾಜರಿ ಹಾಕಬೇಕು. ಹಾಗಾಗಿ ನಾನು ಒಲೆ ಆರಿಸಿದೆ. ಗಿರಾಕಿಗಳಿಗೆಲ್ಲ ಹತ್ತು ದಿನ ಸುಧಾರಿಸಿಕೊಳ್ಳಿ ಎಂದು ಹೇಳಿದೆ. ಉದ್ಯಮ ಶುರು ಮಾಡುವ ಸಲುವಾಗಿ ಉದ್ಯಮ ನಿಲ್ಲಿಸಿದವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆಗ ಹಾಗನ್ನಿಸಲಿಲ್ಲ. ಹೊಸ ಸೀರೆ ಉಟ್ಟು, ಕಿಟಕಿ ಪಕ್ಕದ ಸೀಟು ಹಿಡಿದು ಜಂಬದಿಂದಲೇ ಹೋದೆ.

ಮೂರನೆಯ ದಿನ 'ಗ್ರಾಹಕರನ್ನು ಹುಡುಕುವುದು ಹೇಗೆ' ಎಂಬ ಪಾಠ. ನಡುವೆ ನನ್ನ ಫೋನು ಹೊಡೆದುಕೊಂಡಿತು. ಖಾನಾವಳಿಯ ಮಲ್ಲಣ್ಣ.

"ಅಕ್ಕಾ, ಚಪಾತಿ ಕೊಟ್ರೆ ಯಾರೂ ಮುಟ್ತಿಲ್ಲ. ಒಂದಿಷ್ಟು ರೊಟ್ಟಿ ಆಗಲ್ವಾ?"

"ಮೇಡಂ, ಗ್ರಾಹಕರ ಪಾಠ ನಡೀವಾಗ ಫೋನ್ ಬಂದ್ ಮಾಡ್ರಿ" ಎಂದರು ಮೇಷ್ಟ್ರು. ನಾನು ಗ್ರಾಹಕನನ್ನು ಕತ್ತರಿಸಿ, ಗ್ರಾಹಕರನ್ನು ಹುಡುಕುವ ವಿಧಾನವನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ.

ಅರ್ಜಿಯಲ್ಲಿ ಕೇಕ್ ಎಂದಿತ್ತಲ್ಲ, ಮುಂದಿನ ದಿನಗಳಲ್ಲಿ ಕೇಕಿನ ಮೇಲೆ ಕೆನೆಯಲ್ಲಿ ಗುಲಾಬಿ ಹೂ ಬಿಡಿಸುವುದನ್ನು ಕಲಿಸಿದರು. ನನ್ನ ಗುಲಾಬಿಗಳೆಲ್ಲ ಹೂಕೋಸಿನಂತೆ ಬಂದವು. ದಿನವೂ ಸಂಜೆ ನಿಂತುಕೊಂಡೇ ಬಸ್ಸಿನಲ್ಲಿ ವಾಪಸ್ಸು. ಬೆನ್ನುನೋವು ಹಾಗೇ ಇತ್ತು. ಜತೆಗೆ ಕಾಲುನೋವು ಸೇರಿತು.

ಹತ್ತನೆಯ ದಿನ ಪ್ರಮಾಣಪತ್ರ ಕೊಟ್ಟು, "ಎರಡು ದಿನದಾಗೆ ಪರಿಶೀಲನೆಗೆ ಬರ್ತೀವಿ" ಎಂದರು. ಅಡುಗೆಮನೆಗೆ ಸುಣ್ಣ ಹೊಡೆಸಿ, ಮಸಿ ಹಿಡಿಯದಿರಲೆಂದು ಒಲೆ ಹೊತ್ತಿಸದೆ ಕಾಯುತ್ತ ಕುಳಿತೆ. ಪಕ್ಕದ ಮನೆಯಿಂದ ಬೆಳಗಿನ ಜಾವವೇ ಪಟಪಟ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಪಾಪ, ಶಾಂತಕ್ಕನ ಮನೆಗೆ ನೆಂಟರು ಬಂದಿರಬೇಕು ಎಂದುಕೊಂಡೆ. ಇಷ್ಟು ಬುದ್ಧಿವಂತೆ ನಾನು!

ಹನ್ನೆರಡನೆಯ ದಿನ ಅಧಿಕಾರಿ ಬಂದರು. ಶಿಬಿರದಲ್ಲಿ ಮೈಕು ಹಿಡಿದಿದ್ದವರೇ. ಕೇಕಿನ ಒಲೆ ಎಲ್ಲಿ ಎಂದರು. ರೊಟ್ಟಿಯ ಹಂಚು ತೋರಿಸಿದೆ. ಅವರು ಕಾಗದ ನೋಡಿದರು, ಹಂಚು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಅತ್ತೆಯತ್ತ ತಿರುಗಿದರು.

"ಅಮ್ಮಾ, ನೀವಿಲ್ಲಿ ಕೆಲಸಗಾರರಾ?"

"ಹೌದಪ್ಪ. ಆದ್ರೆ ಹನ್ನೆರಡು ದಿನದಿಂದ ಒಂದು ಕೆಲಸಾನೂ ಕೊಟ್ಟಿಲ್ಲ. ರಜದ ವಿಷ್ಯಾನೂ ಮಾಲೀಕರು ಬಾಯಿ ಬಿಡವಲ್ರು."

ನಾನು ಕಣ್ಣು ಮಿಟುಕಿಸಿದೆ. ಅತ್ತೆ ಕನ್ನಡಕ ಹಾಕಿರಲಿಲ್ಲ.

"ಎಷ್ಟು ದಿನದಿಂದ ನಡೀತೈತೆ ಈ ರೊಟ್ಟಿ ಕೆಲಸ?"

"ದಿನ ಎಲ್ಲಿ ಬಂತಪ್ಪಾ, ಆರು ವರ್ಷ!" ಎಂದರು ಅತ್ತೆ, ಹೆಮ್ಮೆಯಿಂದ. "ಹಾಸ್ಟೆಲ್ ಹುಡುಗರೆಲ್ಲ ನಮ್ ಸೊಸೆ ರೊಟ್ಟಿ ತಿಂದೇ ಪಾಸಾಗಿದ್ದು!"

ಆರು ವರ್ಷದಲ್ಲಿ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಅಧಿಕಾರಿಯ ಪೆನ್ನು ಅಲ್ಲಿಗೇ ನಿಂತಿತು.

"ಇದು ಹೊಸ ಉದ್ದಿಮೆಗೆ ಮಾತ್ರ ಮೇಡಂ. ನಡೀತಿರೋದಕ್ಕೆ ಬರಲ್ಲ."

"ನಡೀತಿಲ್ಲ ಸಾರ್! ಬಂದ್ ಆಗೇತೆ!"

"ಬಂದ್ ಆಗಿರೋದಕ್ಕಂತೂ ಬರೋದೇ ಇಲ್ಲ."

ಅಧಿಕಾರಿಯ ಹಿಂದೆ ನಾನು ಅಂಗಳಕ್ಕೆ ಬರುವಷ್ಟರಲ್ಲಿ ಪಕ್ಕದ ಮನೆಯಿಂದ ಶಾಂತಕ್ಕ ಬುಟ್ಟಿ ತುಂಬ ಬಿಸಿ ರೊಟ್ಟಿ ಹೊತ್ತು ಹೊರಬಂದರು. ಅವರ ಬಾಗಿಲಲ್ಲಿ ಮಲ್ಲಣ್ಣನ ಸ್ಕೂಟರ್ ನಿಂತಿತ್ತು. ನನ್ನನ್ನು ಕಂಡು ಶಾಂತಕ್ಕನ ಮುಖ ಸಣ್ಣಗಾಯಿತು.

"ರತ್ನಾ, ನೀನಿಲ್ದಾಗ ನಿನ್ ಗಿರಾಕಿ ಬಾಗಿಲಿಗೆ ಬಂದು ನಿಂತ್ಕಂಡಿದ್ರು ಕಣೇ. ಬರಿಗೈಲಿ ಹೆಂಗೆ ಕಳಿಸೋದು ಅಂತ…"

"ಶುರು ಮಾಡಿ ಎಷ್ಟು ದಿನ ಆತು?" ಎಂದರು ಅಧಿಕಾರಿ.

"ಒಂಬತ್ತು ದಿನ ಸಾರ್."

ಅಧಿಕಾರಿಯ ಮುಖ ಅರಳಿತು. "ಹೊಸ ಘಟಕ!" ಎಂದು ಬುಟ್ಟಿಯ ಸಮೇತ ಶಾಂತಕ್ಕನ ಫೋಟೋ ಹೊಡೆದುಕೊಂಡರು. ಸರ್ಕಾರದ ಉದ್ದೇಶ ನಮ್ಮ ಓಣಿಯಲ್ಲಿ ಸಂಪೂರ್ಣ ಈಡೇರಿತು. ಪಕ್ಕದ ಮನೆಯಲ್ಲಿ, ಅಷ್ಟೇ.

ಸಂಜೆ ಮಲ್ಲಣ್ಣನಿಗೆ ನಾನೇ ಫೋನ್ ಮಾಡಿದೆ. "ಬೇಜಾರ್ ಮಾಡ್ಕಬ್ಯಾಡ್ರಿ ಅಕ್ಕಾ. ಶಾಂತಕ್ಕಂದು ಸ್ವಲ್ಪ ತೆಳ್ಳಗೈತೆ, ಜನಕ್ಕೆ ಹಿಡಿಸೈತೆ" ಎಂದರು. ಇನ್ನೊಂದು ಖಾನಾವಳಿಯವರೂ ಹಾಸ್ಟೆಲ್ಲಿನವರೂ ಅದನ್ನೇ ಹೇಳಿದರು. ಯಜಮಾನರು ಬೈಯಲಿಲ್ಲ. ತಟ್ಟೆಯಲ್ಲಿದ್ದ ಅನ್ನವನ್ನು ನೋಡುತ್ತ, "ರೊಟ್ಟಿ ಇಲ್ವಾ?" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ವಾರ ಕಳೆದ ಮೇಲೆ ಶಾಂತಕ್ಕ ಬಂದು ಕೂತರು. ಅವರನ್ನು ಹರಿಹರದ ತರಬೇತಿಗೆ ಕರೆದಿದ್ದರು.

"ಹತ್ತು ದಿನ ಒಲೆ ಬಂದ್ ಮಾಡಾಕೆ ನಂಗೇನು ತಲೆ ಕೆಟ್ಟೈತಾ?" ಎಂದು ನಕ್ಕರು. ನಾನೂ ನಕ್ಕೆ, ಯಾರ ಬಗ್ಗೆಯೋ ಎಂಬಂತೆ. "ನೀನೇ ನಮ್ಮನೆಗೆ ಕೆಲಸಕ್ಕೆ ಬಾರೇ. ನಿನಗಿಂತ ಚೆಂದ ರೊಟ್ಟಿ ಬಡಿಯೋರು ನಂಗೆ ಎಲ್ಲಿ ಸಿಗ್ತಾರೆ?"

ಮರುದಿನ ಹೋದೆ. ಹತ್ತು ನಿಮಿಷ ತಡವಾಗಿತ್ತು. ಶಾಂತಕ್ಕ ಗೋಡೆ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನಾನು ಬೇಗ ಬೇಗ ಸೆರಗು ಸಿಗಿಸಿಕೊಂಡು ಹಿಟ್ಟು ಕಲಸಲು ಕೂತೆ.