ಭಾವನ ಬಾಗಿಲು ತಪ್ಪಿದ ಕೆಂಪು ಗೆರೆ

ನಾನು ಭೂಗೋಳದ ಮೇಷ್ಟ್ರು. ಯಳಂದೂರಿನ ಸುತ್ತಮುತ್ತ ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಬಹಳಷ್ಟು ಮಂದಿಗೆ ಭೂಮಿ ಗುಂಡಗಿದೆ ಎಂಬ ಸುದ್ದಿಯನ್ನು ಮೊದಲು ಮುಟ್ಟಿಸಿದವನು ನಾನೇ. ಇಂಥವನ ಮಗಳ ಮದುವೆಗೆ ಬರುವವರು ದಾರಿ ತಪ್ಪುವುದುಂಟೇ? ಇಲ್ಲ ಎಂದೇ ನಾನು ನಂಬಿದ್ದೆ.

ಮಗಳು ಚಂದನಾಳ ಮದುವೆಗೆ ನಾವು ಗೊತ್ತು ಮಾಡಿದ್ದು ಹೊಸ ಛತ್ರ. ಕೊಳ್ಳೇಗಾಲದ ರಸ್ತೆಯಿಂದ ಒಳಗೆ, ಕಬ್ಬಿನ ಗದ್ದೆಗಳ ಹಿಂದೆ ಇದೆ. ಕಬ್ಬು ಬೆಳೆದು ನಿಂತರೆ ಛತ್ರದ ಬಾಗಿಲೂ ಕಾಣುವುದಿಲ್ಲ. ಫೋನಿನ ನಕ್ಷೆಗಳಿಗೂ ಅದರ ಹೆಸರು ಗೊತ್ತಿರಲಿಲ್ಲ.

"ಆಲದ ಮರದ ಪಕ್ಕ ಅಂತ ಪತ್ರಿಕೇಲಿ ಬರ್ಸಿ. ಜನ ಕೇಳ್ಕಂಡು ಬತ್ತಾರೆ" ಎಂದಳು ನನ್ನ ಹೆಂಡತಿ ಮಂಗಳ.

ಭೂಗೋಳದ ಮೇಷ್ಟ್ರ ಮಗಳ ಮದುವೆಗೆ ಜನ ಕೇಳಿಕೊಂಡು ಬರುವುದೇ! ನನ್ನ ಜೀವ ಒಪ್ಪಲಿಲ್ಲ. ಶಿಕ್ಷಕರ ತರಬೇತಿಯೊಂದರಲ್ಲಿ ನಾನು ಅಂತರ್ಜಾಲದಲ್ಲಿ ಸ್ವಂತ ನಕ್ಷೆ ಮಾಡುವುದನ್ನು ಕಲಿತು ಬಂದಿದ್ದೆ. ಕಲಿತ ವಿದ್ಯೆ ಅಲ್ಲಿಯವರೆಗೆ ಯಾರ ಮೇಲೂ ಪ್ರಯೋಗವಾಗದೆ ಉಳಿದಿತ್ತು.

ವಿಷಯ ಸುಲಭ. ಸ್ಥಳದ ವಿವರವನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಯಾರ ಫೋನಿನಲ್ಲಾದರೂ ಅದು ನಕ್ಷೆಯ ಮೇಲೆ ಬಂದು ಕೂರುತ್ತದೆ. ಇಂಥ ಕಡತಗಳದ್ದು ಎಕ್ಸ್‌ಎಂಎಲ್ ಎಂಬ ಮನೆತನ. ಸ್ಥಳವನ್ನು ಗುರುತಿಸುವ ಮಗನ ಹೆಸರು ಕೆಎಂಎಲ್, ನಾವು ಓಡಾಡಿದ ದಾರಿಯನ್ನು ಗೆರೆಯಾಗಿ ಹಿಡಿದಿಡುವ ಮಗನ ಹೆಸರು ಜಿಪಿಎಕ್ಸ್. ಮನೆತನದ ಕಟ್ಟಳೆ ಒಂದೇ. ಪ್ರತಿ ವಿವರದ ಮುಂದೆ ಟ್ಯಾಗ್ ಎಂಬ ಒಂದು ಗುರುತನ್ನು ತೆರೆಯಬೇಕು, ವಿವರ ಮುಗಿದ ಮೇಲೆ ಅದನ್ನು ಮುಚ್ಚಬೇಕು. ತೋಟದ ಗೇಟು ತೆಗೆದವನೇ ಮುಚ್ಚಿ ಬರಬೇಕಲ್ಲ, ಹಾಗೆ. ಇದನ್ನೆಲ್ಲ ಮಂಗಳಳಿಗೆ ವಿವರಿಸಿದೆ.

"ಉಪ್ಪಿನಕಾಯಿ ಜಾಡಿ ಮುಚ್ಚಳವೇ ಮುಚ್ಚಲ್ಲ ನೀವು. ಇದ ಮುಚ್ತೀರಾ?" ಎಂದು ಕೇಳಿದಳು.

ಮಹತ್ಕಾರ್ಯಗಳಿಗೆ ಇಂಥ ಅಪಸ್ವರಗಳು ಇದ್ದದ್ದೇ. ಲಗ್ನಪತ್ರಿಕೆಯ ಮೂಲೆಯಲ್ಲಿ ಒಂದು ಕ್ಯೂಆರ್ ಚೌಕ ಅಚ್ಚು ಹಾಕಿಸಿದೆ. ಅದಕ್ಕೆ ಫೋನು ಹಿಡಿದರೆ ನನ್ನ ನಕ್ಷೆ ತೆರೆದುಕೊಳ್ಳಬೇಕು, ನಾನು ಯಾವ ಕಡತ ಹಾಕಿದರೂ ಅದರಲ್ಲಿ ಕಾಣಬೇಕು ಎಂಬ ಏರ್ಪಾಡು. ಮೊದಲ ಪತ್ರಿಕೆಗಳು ಹನೂರಿನ ಬೀಗರಿಗೆ, ಅಂದರೆ ಹುಡುಗನ ತಂದೆಗೆ ಹೋದವು. ಅಂದು ಸಂಜೆಯೇ ಅವರ ಫೋನು ಬಂತು.

"ಬೀಗ್ರೇ, ಛತ್ರ ಎಲ್ಲಿ ಬತ್ತದೆ ಅಂದ್ರಿ?"

"ಕೊಳ್ಳೇಗಾಲದ ರಸ್ತೇಲೇ."

"ನಮ್ಮ ಫೋನ್‌ನಾಗೆ ಬರೀ ನೀಲಿ ನೀರು ಕಣ್ರಿ. ಸುತ್ತ ಐಸು. ನಮ್ಮ ಕಡೆಯೋರಿಗೆ ಸ್ವೆಟ್ರು ತಕಂಡ್ ಬರಾಕೆ ಏಳ್ಳಾ?"

ನೋಡಿದೆ. ಕಬ್ಬಿನ ಗದ್ದೆಯ ಛತ್ರ ಉತ್ತರ ಧ್ರುವದ ಹತ್ತಿರ, ಹಿಮಸಾಗರದ ನಡುವೆ ತೇಲುತ್ತಿತ್ತು. ಉಪ್ಪು-ಖಾರ ಅನ್ನುವ ಹಾಗೆ ಅಕ್ಷಾಂಶ-ರೇಖಾಂಶ ಎಂದು ಜೀವಮಾನವೆಲ್ಲ ಪಾಠ ಹೇಳಿದ ನಾನು ಅದೇ ಕ್ರಮದಲ್ಲಿ ಬರೆದಿದ್ದೆ. ಕೆಎಂಎಲ್‌ಗೆ ಮೊದಲು ರೇಖಾಂಶ ಬೇಕು, ಆಮೇಲೆ ಅಕ್ಷಾಂಶ. ನಮ್ಮ ಹನ್ನೆರಡು ಡಿಗ್ರಿ ಅಲ್ಲಿಗೂ ಎಪ್ಪತ್ತೇಳು ಡಿಗ್ರಿ ಇಲ್ಲಿಗೂ ಅದಲುಬದಲಾಗಿ, ನನ್ನ ಮಗಳು ಹಿಮಕರಡಿಗಳ ಸಾಕ್ಷಿಯಲ್ಲಿ ಹಸೆಮಣೆ ಏರುವವಳಿದ್ದಳು.

ಅಂಕಿಗಳನ್ನು ತಿರುಗಿಸಿ ಛತ್ರವನ್ನು ಸ್ವಸ್ಥಾನಕ್ಕೆ ತಂದೆ. ಆದರೆ ಹೋದ ಮಾನ ಅಷ್ಟು ಸುಲಭವಾಗಿ ಹಿಂತಿರುಗುತ್ತದೆಯೇ? ಬರೀ ಚುಕ್ಕೆ ಸಾಲದು, ಯಳಂದೂರಿನಿಂದ ಛತ್ರದವರೆಗೆ ದಾರಿಯನ್ನೇ ಗೆರೆ ಎಳೆದು ಕೊಡಬೇಕು ಎಂದು ನಿಶ್ಚಯಿಸಿದೆ. ಜಿಪಿಎಕ್ಸ್ ಇರುವುದೇ ಅದಕ್ಕೆ. ಫೋನಿನಲ್ಲಿ ಗುಂಡಿ ಒತ್ತಿ ಸ್ಕೂಟರ್ ಹತ್ತಿದರೆ ಹೋದ ಜಾಗ, ಹೋದ ಹೊತ್ತು ಎಲ್ಲವನ್ನೂ ಅದು ಬರೆದುಕೊಳ್ಳುತ್ತದೆ. ದಾರಿ ಎದ್ದು ಕಾಣಲೆಂದು ಗೆರೆಗೆ ಕೆಂಪು ಬಣ್ಣ ಕೊಟ್ಟೆ. ಹೆಚ್ಚು ಹೊತ್ತು ನಿಂತ ಕಡೆ ಒಂದು ವೃತ್ತ ಮೂಡಬೇಕು, ನಿಂತಷ್ಟೂ ಅದು ದೊಡ್ಡದಾಗಬೇಕು ಎಂಬ ವ್ಯವಸ್ಥೆಯನ್ನೂ ಮಾಡಿದೆ. ಯಾರೂ ಕೇಳಿರಲಿಲ್ಲ.

ಹೊರಡುವಾಗ ಮಂಗಳ ಕುಂಕುಮದ ಭರಣಿ, ಅಕ್ಷತೆ ಕೈಗಿಟ್ಟಳು. "ಎಂಗೂ ಓಗ್ತಿದ್ದೀರಿ. ಮೊದ್ಲು ಹೊನ್ನೂರಿಗೆ ಓಗಿ ಅಣ್ಣಂಗೆ ಪತ್ರಿಕೆ ಕೊಟ್ಬಿಡಿ. ನಂಗೆ ಮಂಡಿ ನೋವು ಇಲ್ದಿದ್ರೆ ನಾನೂ ಬತ್ತಿದ್ದೆ. ಮನೆ ಒಳಕ್ಕೆ ಓಗಿ, ಅತ್ತಿಗೆಗೆ ಕುಂಕುಮ ಕೊಟ್ಟು ಕರೀಬೇಕು. ದಾರೀಲಿ ಕೊಟ್ಟು ಬಂದೀರಾ."

ಅವಳ ಅಣ್ಣ ಗುರುಸಿದ್ದಪ್ಪ ಹೊನ್ನೂರಿನಲ್ಲಿ ಭತ್ತ, ತೆಂಗು ಬೆಳೆಯುವವರು. ಮಾತು ಕಡಿಮೆ, ಮರ್ಯಾದೆಯ ವಿಷಯದಲ್ಲಿ ಮಾತ್ರ ಸೂಕ್ಷ್ಮ. ನಮ್ಮ ಮದುವೆಗಳಲ್ಲಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಚಂದನಾಳಿಗೆ ಇರುವುದು ಅವರೊಬ್ಬರೇ.

ಹೊನ್ನೂರಿನ ಊರಬಾಗಿಲಲ್ಲೇ ಟೀ ಅಂಗಡಿ. ಅಲ್ಲೇ ಭಾವ ಕೂತಿದ್ದರು. ಪತ್ರಿಕೆ ಇದ್ದ ಚೀಲ ನೋಡಿ ಎದ್ದು ನಿಂತರು.

"ಮನೆಗೇ ಬರ್ತಿದ್ದೆ ಭಾವ."

"ಅಯ್ಯೋ, ಈ ಬಿಸ್ಲಲ್ಲಿ ಯಾಕೆ ಮೇಷ್ಟ್ರೇ? ಮನೇಲಿ ಯಾರೂ ಇಲ್ಲ, ಎಲ್ಲ ಗದ್ದೆ ತಾವ ಅವ್ರೆ. ಇಲ್ಲೇ ಕೊಡಿ."

ಕೊಟ್ಟುಬಿಟ್ಟೆ. ಅವರು ಒಂದು ಗಳಿಗೆ ಪತ್ರಿಕೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ಟೀ ಕೊಡಿಸಿ ಗದ್ದೆಗೆ ಹೋದರು. ಕೆಲಸ ಬೇಗ ಮುಗಿಯಿತೆಂದು ನಾನು ಸ್ಕೂಟರ್ ತಿರುಗಿಸಿದೆ, ಊರೊಳಗಿನ ದಾರಿ ಹತ್ತಿರವೆಂದು ಅದನ್ನೇ ಹಿಡಿದೆ. ಸರಿಯಾಗಿ ಶಿವಮಲ್ಲುವಿನ ಮನೆಯ ಮುಂದೆ ಟೈರು ಪಂಕ್ಚರ್ ಆಯಿತು.

ಶಿವಮಲ್ಲು ಭಾವನ ದಾಯಾದಿ. ಇಬ್ಬರ ಗದ್ದೆಗಳ ನಡುವಿನ ಬದುವಿನಲ್ಲಿ ತೆಂಗಿನ ಮರಗಳಿವೆ. ಕಾಯಿ ಯಾರದು ಎಂಬ ಪ್ರಶ್ನೆಯಲ್ಲಿ ಇಬ್ಬರಿಗೂ ಮಾತು ಬಿಟ್ಟುಹೋಗಿದೆ. ನನಗೇನೂ ಜಗಳವಿಲ್ಲ. ಆತ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟ. ಪಂಕ್ಚರ್ ಹಾಕುವವನು ಬರುವುದು ತಡವಾಯಿತು, ಅಷ್ಟರಲ್ಲಿ ಬಿಸಿ ಮುದ್ದೆ, ಉಪ್ಸಾರು ಬಂತು. ಉಂಡ ಮೇಲೆ ಜಗಲಿಯ ತಂಪಿಗೆ ಸಣ್ಣ ನಿದ್ದೆಯೂ ಬಂತು. ಎದ್ದವನು, ಉಂಡ ಮನೆಗೆ ಪತ್ರಿಕೆ ಕೊಡದಿದ್ದರೆ ಚೆನ್ನಾಗಿರುವುದಿಲ್ಲವೆಂದು ಒಳಗೆ ಹೋಗಿ, ಆತನ ಹೆಂಡತಿಗೆ ಕುಂಕುಮ ಕೊಟ್ಟು ಶಾಸ್ತ್ರೋಕ್ತವಾಗಿ ಕರೆದು ಬಂದೆ. ಅಲ್ಲಿಂದ ಛತ್ರಕ್ಕೆ ಹೋಗಿ ಮನೆಗೆ ಬಂದೆ.

"ಅಣ್ಣನ ಮನೇಗೆ ಓಗಿದ್ರಾ?" ಮಂಗಳ ಕೇಳಿದಳು.

"ಹೋಗದೆ? ಅತ್ತಿಗೆ ಕಾಫಿ ಕೊಟ್ಟರು."

"ಅಸ ಕರ ಆಕೋದ್ರಲ್ಲಿತ್ತು. ಆಕ್ತಾ?"

ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ತಾನಾಗಿ ಬರುತ್ತದೆ. "ಹಾಕಿದೆ. ಹೆಣ್ಣು ಕರು."

"ಹಂಗಾರೆ ಗಿಣ್ಣು ಕೊಟ್ಟಿರ್ಬೇಕು."

"ಕೊಟ್ಟರು, ಏಲಕ್ಕಿ ಹಾಕಿದ್ದರು. ಬಹಳ ಚೆನ್ನಾಗಿತ್ತು" ಎಂದೆ. ನಾಲಿಗೆ ಚಪ್ಪರಿಸಿಯೂ ತೋರಿಸಿದೆ.

ಆಮೇಲೆ ಜಿಪಿಎಕ್ಸ್ ಕಡತವನ್ನು ನಕ್ಷೆಗೆ ಏರಿಸಿದೆ. ತೆರೆದು ನೋಡಲಿಲ್ಲ. ಛತ್ರದ ದಾರಿಗಷ್ಟೇ ಒತ್ತಬೇಕಾಗಿದ್ದ ಗುಂಡಿಯನ್ನು ಮನೆಯ ಬಾಗಿಲಲ್ಲೇ ಒತ್ತಿದ್ದೆ, ಹೊನ್ನೂರಿನ ತಿರುಗಾಟವೂ ಅದರಲ್ಲಿ ಸೇರಿದೆ ಎಂಬುದು ಮರೆತೇಹೋಗಿತ್ತು. ಮಾರನೆಯ ಬೆಳಿಗ್ಗೆ ಭಾವನ ಫೋನು ಬಂತು. ಮಂಗಳ ಹಿಟ್ಟು ಕಲಸುತ್ತಿದ್ದಳು, ಅವಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ನನ್ನ ಗ್ರಹಚಾರ.

"ಮೇಷ್ಟ್ರೇ, ತಿಂಡಿ ಆಯ್ತಾ?"

"ಆಗ್ತಿದೆ ಭಾವ."

"ನಿಮ್ಮ ನಕ್ಷೆ ನೋಡ್ದೆ. ಬೋ ಪಸಂದಾಗದೆ. ಕೆಂಪು ಗೆರೆ ಟೀ ಅಂಗ್ಡಿಗೆ ಬಂದದೆ. ಅಲ್ಲಿಂದ ಸೀದಾ ಶಿವಮಲ್ಲು ಮನೇಗೆ ಓಗ್ಯದೆ. ಅವನ ಜಗಲಿ ಮ್ಯಾಲೆ ಎಮ್ಮೆ ಗಾತ್ರದ ಒಂದು ಸುತ್ತು ಅದೆ. ನಮ್ಮನೆ ತಾವ ಏನೂ ಇಲ್ಲ."

"ಅದು ಪಂಕ್ಚರ್..."

"ಇರ್ಲಿ ಬುಡಿ. ಗೆರೆ ಯಾರ ಮನೆ ಒಳಕ್ಕೆ ಓಗ್ಯದೋ ಅವನೇ ಚಂದನಾನ ಕೈ ಹಿಡ್ಕಂಡು ಮಂಟಪಕ್ಕೆ ಕರ್ಕಂಡ್ ಬರ್ಲಿ."

ಫೋನು ಇಟ್ಟರು. ಮಂಗಳ ಕೈ ತೊಳೆದುಕೊಂಡು ಎದುರಿಗೆ ಬಂದು ಕೂತಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಗಿಣ್ಣು ಎಂಗಿತ್ತು?" ಎಂದಳು.

ಭಾವನೇ ಮನೆಗೆ ಬರುವುದು ಬೇಡವೆಂದರು, ಟೀ ಅಂಗಡಿಯಲ್ಲೇ ಕೊಟ್ಟೆ ಎಂದು ಒಪ್ಪಿಕೊಂಡೆ. "ಅವ್ರು ಬ್ಯಾಡ ಅಂದ್ರೆ ನೀವು ಓಗ್ಲೇಬೇಕು ಅಂತ ಅರ್ಥ ಕಣ್ರಿ. ಇಷ್ಟು ವರ್ಷ ನಮ್ಮ ಜನದ ಜೊತೆ ಬಾಳಾಟ ಮಾಡಿ ಇದೂ ತಿಳೀನಿಲ್ವಾ?" ಎಂದು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದೂ ಬರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಈಗಲಾದರೂ ಸುಮ್ಮನಿರಬಹುದಿತ್ತು. ಆದರೆ ಕಡತ ನನ್ನದು, ಬರೆದದ್ದನ್ನು ಅಳಿಸಬಹುದಲ್ಲ ಎಂಬ ದುರ್ಬುದ್ಧಿ ಹುಟ್ಟಿತು. ಜಿಪಿಎಕ್ಸ್‌ನ ಗೆರೆ ಎಂದರೆ ಸಾಲಾಗಿ ಬರೆದ ಬಿಂದುಗಳು. ಟೀ ಅಂಗಡಿಯಿಂದ ಊರಾಚೆಯವರೆಗಿನ ಬಿಂದುಗಳನ್ನೆಲ್ಲ ಟ್ಯಾಗ್ ಸಮೇತ ಕಿತ್ತುಹಾಕಿದೆ. ಶಿವಮಲ್ಲುವಿನ ಮನೆಯ ವೃತ್ತ ಮಾಯವಾಯಿತು. ನೆಮ್ಮದಿಯಾಗಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಮತ್ತೆ ಭಾವನ ಫೋನು.

"ಮೇಷ್ಟ್ರೇ, ಈಗ ನಮ್ಮ ಪೈರು ತುಳ್ಕಂಡು ಬಂದು, ನಮ್ಮ ಕೊಟ್ಟಿಗೆ ಒಳಕ್ಕೆ ನುಗ್ಗಿ, ಇತ್ಲ ಬಾಗ್ಲಿಂದ ಆಚೆಗೆ ಓಗಿದ್ದೀರಿ. ಮನುಷ್ಯರಿಗೆ ಪತ್ರಿಕೆ ಬ್ಯಾಡ, ದನಕ್ಕೆ ಕೊಟ್ರೆ ಸಾಕು ಅಂತ್ಲಾ?"

ನಡುವಿನ ಬಿಂದುಗಳನ್ನು ಕಿತ್ತರೆ ಉಳಿದ ಎರಡು ತುದಿಗಳನ್ನು ನಕ್ಷೆ ನೇರ ಗೆರೆಯಿಂದ ಜೋಡಿಸಿಬಿಡುತ್ತದೆ. ಆ ನೇರ ಗೆರೆಗೆ ಹೊನ್ನೂರಿನಲ್ಲಿ ಬೇರೆ ಕೊಟ್ಟಿಗೆ ಸಿಗಲಿಲ್ಲವೇ?

ಮಂಗಳ ಸೀರೆ ಬದಲಿಸಿ, ಕುಂಕುಮದ ಭರಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮಂಡಿ ನೋಯ್ತಾ ಇದ್ರೆ ನೋಯ್ಲಿ. ನಡೀರಿ. ಆ ಗುಂಡೀನೂ ಒತ್ಕಳಿ" ಎಂದಳು.

ಭಾವ ಗೇಟಿನ ಬಳಿ ಫೋನು ಹಿಡಿದೇ ನಿಂತಿದ್ದರು. ನಾನು ತಲೆ ತಗ್ಗಿಸಿ ಒಳಗೆ ನಡೆದೆ. ದೇವರ ಕೋಣೆಯ ಮುಂದೆ ಅವರ ಹೆಂಡತಿಗೆ ಮಂಗಳ ಕುಂಕುಮವಿಟ್ಟಳು, ಇಬ್ಬರೂ ನಿಂತು ಕರೆದೆವು. ಅಷ್ಟಾದ ಮೇಲೆ ಭಾವ ನನ್ನ ಕಡೆ ತಿರುಗಿದರು.

"ಆ ಮಗು ನನ್ನ ಎಗಲ ಮ್ಯಾಲೆ ಬೆಳೆದದ್ದು ಮೇಷ್ಟ್ರೇ. ಅದ್ರ ಮದ್ವೆ ಪತ್ರಿಕೇನ ಟೀ ಅಂಗ್ಡೀಲಿ ಈಸ್ಕಂಡೆ. ಅಂಗ್ಡಿಯೋನು ನೋಡ್ತಾ ಇದ್ದ. ಒಟ್ಟೆ ಉರೀತು ನಂಗೆ."

ನನಗೆ ತುಂಬ ನಾಚಿಕೆಯಾಯಿತು. ಬಿಸಿಲು ತಪ್ಪಿಸಿಕೊಳ್ಳಲು ಆ ಮನುಷ್ಯನ ಪ್ರೀತಿಯನ್ನು ರಸ್ತೆಯಲ್ಲಿ ನಿಲ್ಲಿಸಿದ್ದೆ. "ತಪ್ಪಾಯ್ತು ಭಾವ" ಎಂದೆ.

"ಆಯ್ತು, ಕೂತ್ಕಳಿ. ಶಿವಮಲ್ಲು ಮನೇಲಿ ಎಷ್ಟೊತ್ತು ಕುಂತಿದ್ರೋ ಅದ್ಕಿಂತ ಜಾಸ್ತಿ ಕೂರ್ಬೇಕು. ನಮ್ಮನೆ ಸುತ್ತೇ ದೊಡ್ಡದಾಗ್ಲಿ."

ಕೂತೆವು. ಮಧ್ಯಾಹ್ನದ ಊಟ ಮಾಡಿದೆವು, ಸಂಜೆಯ ಕಾಫಿ ಕುಡಿದೆವು. ನಡುವೆ ಅವರ ಅಪ್ಪಣೆಯಂತೆ ಮಲಗಿಯೂ ಎದ್ದೆವು. ಕೊಟ್ಟಿಗೆಯಲ್ಲಿ ತುಂಬಿದ ಹೊಟ್ಟೆ ಹೊತ್ತು ನಿಂತಿದ್ದ ಹಸುವನ್ನು ಮಂಗಳ ನನಗೆ ಕೈ ಮಾಡಿ ತೋರಿಸಿದಳು.

ಸುದ್ದಿ ನಿಲ್ಲುತ್ತದೆಯೇ? ಗುರುಸಿದ್ದಪ್ಪನ ಮನೆಗೆ ಗೆರೆ ಬಂತಂತೆ, ನಮ್ಮನೆಗೆ ಯಾಕಿಲ್ಲ ಎಂದು ಕೊಳ್ಳೇಗಾಲದ ನೆಂಟರು ಕೇಳಿದರು. ಹನೂರಿನ ಬೀಗರ ಕಡೆಯವರೂ ಕೇಳಿದರು. ಪತ್ರಿಕೆ ತಲುಪಿದ್ದ ಮನೆಗಳಿಗೂ ಮತ್ತೆ ಹೋಗಿ, ಹೊಸ್ತಿಲು ದಾಟಿ, ಗೆರೆ ಮುಟ್ಟಿಸಿ ಬಂದೆವು. ಅವರವರ ಗೆರೆ ಅವರವರಿಗೆ ಕಾಣಬೇಕಾದ್ದರಿಂದ ಯಾವುದನ್ನೂ ಅಳಿಸುವ ಹಾಗಿರಲಿಲ್ಲ. ನಕ್ಷೆ ನೂಲಿನ ಉಂಡೆಗೆ ಬೆಕ್ಕು ಬಾಯಿ ಹಾಕಿದಂತೆ ಕಾಣುತ್ತಿತ್ತು.

ಮದುವೆಯ ಬೆಳಿಗ್ಗೆ ಬಂತು. ಮುಹೂರ್ತ ಹತ್ತಿರವಾದರೂ ಹನೂರಿನಿಂದ ಹೊರಟ ಗಂಡಿನ ಕಡೆಯ ಬಸ್ಸಿಲ್ಲ. ಹಿಂದಿನ ದಿನವೇ ಹೆಂಡತಿಯನ್ನು ಕಳಿಸಿ, ಹಸು ಈಯುವ ಹಾಗಿದೆ, ನಾನು ಬೆಳಿಗ್ಗೆ ಬರುತ್ತೇನೆ ಎಂದಿದ್ದ ಭಾವನೂ ಇಲ್ಲ. ಚಂದನಾ ಸಿಂಗಾರವಾಗಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ಬಸ್ಸಿನ ಡ್ರೈವರನ ಫೋನು ಬಂತು. ಮಾರ್ಟಳ್ಳಿಯವನು, ಈ ಕಡೆಯ ದಾರಿ ಗೊತ್ತಿಲ್ಲದವನು.

"ಸಾ, ಬಂದ್ಬುಟ್ವಿ. ಗೆರೆ ಬುಡ್ಬೇಡ ಅಂದಿದ್ರು, ಬುಡ್ನಿಲ್ಲ. ದೊಡ್ಡ ಸುತ್ತು ಇರೋ ತಾವ್ಲೇ ನಿಲ್ಸಿದ್ದೀನಿ. ಆದ್ರೆ ಇಲ್ಲಿ ಛತ್ರ ಇಲ್ಲ ಸಾ. ಒಂದು ಅಸ, ಒಂದು ಕರ, ಒಬ್ರು ಯಜಮಾನ್ರು ಅವ್ರೆ."

ಇಡೀ ನಕ್ಷೆಯಲ್ಲಿ ಅತಿ ದೊಡ್ಡ ವೃತ್ತ ಭಾವನ ಅಂಗಳದಲ್ಲಿತ್ತು. ಹಿನ್ನೆಲೆಯಲ್ಲಿ ಭಾವನ ದನಿ ಕೇಳಿಸಿತು. "ಏ, ಆ ಫೋನು ಮಡಗ್ಲಾ. ಆಲದ ಮರ ನಂಗೊತ್ತು, ನಡಿ."

ಮುಹೂರ್ತಕ್ಕೆ ಸರಿಯಾಗಿ ಬಸ್ಸು ಛತ್ರ ಮುಟ್ಟಿತು. ಮೊದಲು ಇಳಿದವರು ಭಾವ, ಕೈಯಲ್ಲಿ ಹಾಲಿನ ಕ್ಯಾನು. ಅದನ್ನು ಅಡಿಗೆಯವರಿಗೆ ಕೊಟ್ಟು, ಪಂಚೆ ಸರಿಪಡಿಸಿಕೊಂಡು, ಒದ್ದೆ ಕಣ್ಣಲ್ಲೇ ಚಂದನಾಳ ಕೈಹಿಡಿದು ಮಂಟಪಕ್ಕೆ ಕರೆತಂದರು. ನನ್ನ ಕಣ್ಣೂ ತುಂಬಿತು. ಉಳಿದ ನೆಂಟರೆಲ್ಲ ಹೇಗೆ ಬಂದಿರಿ ಎಂದು ಆಮೇಲೆ ವಿಚಾರಿಸಿದೆ. ಆಲದ ಮರ ಕೇಳಿಕೊಂಡು ಬಂದರಂತೆ.

ಊಟದ ಹೊತ್ತಿಗೆ ಮಂಗಳ ಒಂದು ಸ್ಟೀಲ್ ಡಬ್ಬಿ ಹಿಡಿದು ಮನೆಯವರ ಪಂಕ್ತಿಗೆ ಬಂದಳು. ಬೆಲ್ಲ, ಏಲಕ್ಕಿ ಹಾಕಿದ ಬಿಸಿ ಗಿಣ್ಣು. ಭಾವನಿಗೆ ಬಡಿಸಿದಳು, ಬೀಗರಿಗೆ ಬಡಿಸಿದಳು, ಶಿವಮಲ್ಲುವಿಗೂ ಬಡಿಸಿದಳು. ನಾನು ಎಲೆಯಲ್ಲಿ ಜಾಗ ಮಾಡಿಕೊಂಡು ಕಾದೆ. ಅವಳು ನನ್ನ ಎಲೆ ದಾಟಿ ಮುಂದೆ ಹೋದಳು.

"ಮಂಗಳಾ, ನನಗೆ?"

"ನೀವು ಅವತ್ತೇ ತಿಂದಿದ್ರಲ್ಲ" ಎಂದು ಹೇಳಿ, ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಮುಚ್ಚಿದಳು. "ಅಂದಂಗೆ, ಗಂಡು ಕರ ಅಂತೆ."