ಎಣ್ಣೆ ಡಬ್ಬದ ಹಲಸು

ಎಲ್ಲ ಬದಲಾದ ದಿನ ಬೆಳಿಗ್ಗೆ ನನ್ನ ಹೆಂಡತಿ ಕೊಳತ್ತೂರು ಸಂತೆಯಿಂದ ತಂದ ಹಲಸಿನ ಹಣ್ಣು ಬಿಡಿಸುತ್ತಿದ್ದಳು. ಬೀಜ ಬಿಸಾಡಬೇಡಿ, ಸಾರು ಮಾಡುತ್ತೇನೆ ಎಂದಳು. ನಾನು ಶಾಲೆಗೆ ಹೋದೆ. ಮಧ್ಯಾಹ್ನ ಪಕ್ಕದ ಮನೆಯವರು ಫೋನ್ ಮಾಡಿದರು. ನಾನು ಬರುವಷ್ಟರಲ್ಲಿ ಅವಳಿರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ನೋಡಿದರೆ ಒಂದು ಬೀಜ ಮೊಳಕೆಯೊಡೆದಿತ್ತು. ಅದನ್ನು ಎಣ್ಣೆ ಡಬ್ಬದಲ್ಲಿ ನೆಟ್ಟೆ. ಮರುವರ್ಷ ಪಾಲಮಲೆಯ ಶಾಲೆಗೆ ವರ್ಗ ಕೇಳಿಕೊಂಡು, ಡಬ್ಬ ಹೊತ್ತು ಬೆಟ್ಟ ಹತ್ತಿ ಅಲ್ಲಿಯವರಿಗೆ ವಾದ್ಯಾರು, ಅಂದರೆ ಮೇಷ್ಟರು, ಆದೆ.

ಬೆಟ್ಟದವರು ಅಲ್ಲಿಯ ಮೂಲದವರು, ಅವರ ಮಾತೇ ಬೇರೆ. ಕೆಳಗಿನ ಕನ್ನಡದವರಾದ ನಾವು ಎಂದೋ ಮೈಸೂರು ಸೀಮೆಯಿಂದ ಬಂದು ನೆಲೆಸಿದವರು. ಬಂದವರ ಮೇಲೆ ಇದ್ದವರಿಗೆ, ಇದ್ದವರ ಮೇಲೆ ಬಂದವರಿಗೆ ಇರುವ ಅನುಮಾನ ನಾನು ತರಗತಿಯಲ್ಲಿ ಹೇಳುವ ಇತಿಹಾಸದ ಪಾಠ. ಬೆಟ್ಟದ ಮೇಲೆ ಅದು ದಿನವೂ ನನಗೇ ಆಗತೊಡಗಿತು.

ಟೇಪು

ಕಬಡ್ಡಿ ಅಂಗಳ ಅಳೆಯಲು ಟೇಪು ಬಿಚ್ಚಿದೆ. ಊರ ಯಜಮಾನರು ತಾವೇ ಬಂದು ಇನ್ನೊಂದು ತುದಿ ಹಿಡಿದರು. ಎಷ್ಟು ಒಳ್ಳೆಯವರು ಅಂದುಕೊಂಡೆ. ನಾನು ಗೂಟ ಹೊಡೆಯಲು ಬಗ್ಗಿದಾಗಲೆಲ್ಲ ಅವರು ತಮ್ಮ ಕಡೆಯ ಗೂಟ ಕಿತ್ತು ಸ್ವಲ್ಪ ಒಳಗೆ ತಂದು ನೆಡುತ್ತಿದ್ದರು. ಟೇಪು ಹಿಡಿದು ಬಂದವರು ಯಾರೂ ಅಷ್ಟಿಷ್ಟು ನೆಲ ಕಿತ್ತುಕೊಳ್ಳದೆ ಅಲ್ಲಿಂದ ಬರಿಗೈಯಲ್ಲಿ ಹೋಗಿಲ್ಲವಂತೆ. ಅದು ನನಗೆ ಆಮೇಲೆ ತಿಳಿಯಿತು. ನಮ್ಮ ಅಂಗಳದಲ್ಲಿ ಇವತ್ತಿಗೂ ಎದುರಾಳಿಯನ್ನು ಮುಟ್ಟಲು ಓಡಬೇಕಿಲ್ಲ, ಕೈ ಚಾಚಿದರೆ ಸಾಕು.

ಮದ್ದು

ಕೆಳಗಿನಿಂದ ನನ್ನ ಅಕ್ಕ ಫೋನ್ ಮಾಡಿ, "ಅಲ್ಲಿ ಯಾರ್ ಏನ್ ಕೊಟ್ರೂ ತಿನ್ಬ್ಯಾಡ ಕಣ್ಲಾ, ಮದ್ದಾಕ್ತಾರೆ" ಎಂದಿದ್ದಳು. ಯಜಮಾನರ ತಾಯಿ ಸಾಮೆ ಅನ್ನ, ಜೇನು ತಂದರು. ಹೊಟ್ಟೆ ಸರಿಯಿಲ್ಲ ಎಂದೆ. ನಾನು ಕಾಫಿ ಕೊಡಹೋದೆ. ಅವರ ಹೊಟ್ಟೆಯೂ ಸರಿಯಿರಲಿಲ್ಲ.

ಸಂತೆಗೆ ಇಳಿದೂ ಇಳಿದೂ ಅವರಿಗೆ ನಮ್ಮ ಕನ್ನಡ ಚೆನ್ನಾಗಿ ಬರುತ್ತದೆ.

"ಕೆಳಗ್ನೋರು ಮದ್ದಾಕ್ತಾರೆ ಅಂತ ನಮ್ಮತ್ತೆ ಏಳಿದ್ಲು," ಎಂದರು. "ನಿಂಗ್ಯಾರ್ ಏಳಿದ್ದು?"

"ಅಕ್ಕ."

ಕೊನೆಗೆ ಅವರು ಕಾಫಿಯನ್ನೂ ನಾನು ಅನ್ನವನ್ನೂ ಬಾಯಿಗಿಟ್ಟು, ಇನ್ನೊಬ್ಬರು ಮೊದಲು ನುಂಗಲಿ ಎಂದು ಕಾಯುತ್ತಾ ಕೂತೆವು.

ಪಾಠ

ಅಮೆರಿಕಕ್ಕೆ ಮತ್ತು ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಬಂದು ನೆಲೆಸಿದವರನ್ನು ಹೋಲಿಸಿ ಪಾಠ ಮಾಡುತ್ತಿದ್ದೆ. ಒಂದು ಕಡೆ ಅಲ್ಲಿದ್ದವರ ಜೊತೆ ಒಪ್ಪಂದ ಮಾಡಿಕೊಂಡು ಮುರಿದರು. ಇನ್ನೊಂದು ಕಡೆ ಇದು ಯಾರದೂ ಅಲ್ಲದ ನೆಲ ಎಂದುಬಿಟ್ಟರು. ಎರಡೂ ಕಡೆ ಶುರುವಾದದ್ದು ಹೇಗೆ ಎಂದು ಒಬ್ಬ ಹುಡುಗಿ ಕೇಳಿದಳು. ತಪ್ಪಾಗಬಾರದೆಂದು ಯೋಚಿಸಿ ಹೇಳಿದೆ: ಮೊದಲು ಒಬ್ಬಿಬ್ಬರು ಬಂದರು, ಸೌಮ್ಯವಾಗಿ ಮಾತಾಡಿದರು, ತಾವು ತಂದದ್ದನ್ನು ನೆಟ್ಟರು, ಆಮೇಲೆ ಬೇಲಿ ಹಾಕಿದರು.

ಇಡೀ ತರಗತಿ ಕಿಟಕಿಯ ಕಡೆ ತಿರುಗಿತು. ಹೊರಗೆ ನನ್ನ ಡಬ್ಬ ಇತ್ತು.

ಗಿಡ

ಡಬ್ಬಕ್ಕೆ ತುಕ್ಕು ಹಿಡಿದು ಬೇರು ಹೊರಬಂದಿತ್ತು, ಎಲೆ ಹಳದಿಯಾಗಿತ್ತು. ನೆಲಕ್ಕೆ ಇಡದಿದ್ದರೆ ಸಾಯುವುದು ಖಚಿತ. ಅವಳು ಹೋದ ದಿನದ್ದೆಂದು ನನ್ನ ಬಳಿ ಬೇರೇನೂ ಇರಲಿಲ್ಲ. ಶಾಲೆಯ ಮೂಲೆಯಲ್ಲಿ ನೆಟ್ಟೆ. ಬೆಳಿಗ್ಗೆ ನೋಡಿದರೆ ಗಿಡ ಶಾಲೆಯ ಪಕ್ಕದ ನನ್ನ ಕೋಣೆಯ ಬಾಗಿಲಲ್ಲಿತ್ತು, ಬೇರಿಗೆ ಒದ್ದೆ ಗೋಣಿ ಸುತ್ತಿತ್ತು. ಮತ್ತೆ ನೆಟ್ಟೆ. ಮತ್ತೆ ಬಂತು, ಈ ಸಲ ಹಣ್ಣೆಲೆ ಕಿತ್ತು ಶುದ್ಧ ಮಾಡಿಕೊಂಡು.

ಯಜಮಾನರ ಮನೆಗೆ ಗಿಡ ಹಿಡಿದೇ ಹೋದೆ. ಅಲ್ಲಿ ಹಲಸನ್ನು ಯಾರ ಕೈ ನೆಡುತ್ತದೋ ಮರ ಅವರ ವಂಶದ್ದು, ಅದರ ನೆರಳು ಬೀಳುವಷ್ಟು ನೆಲವೂ ಅವರದೇ ಎಂದು ಅವರ ತಾಯಿ ತಿಳಿಸಿದರು. "ಗಿಡ ಸಾಯ್ಬಾರ್ದು ವಾದ್ಯಾರೆ, ಅದ್ಕೇ ಗೋಣಿ ಸುತ್ತಿದ್ದೆ. ನೆಡೋದ್ ಮಾತ್ರ ಬ್ಯಾಡ."

ಆಗ ಹೆಂಡತಿಯ ವಿಷಯ ಹೇಳಿದೆ. ಬೆಟ್ಟದಲ್ಲಿ ಯಾರಿಗೂ ಹೇಳಿರಲಿಲ್ಲ. ಮುದುಕಿ ಗಿಡದ ಎಲೆ ತಿರುವಿ ನೋಡಿದರು. ಆಮೇಲೆ ಹಣ್ಣು ಸಂತೆಯಲ್ಲಿ ಯಾರ ಹತ್ತಿರ ತಂದದ್ದು ಎಂದು ಕೇಳಿದರು. ಬೆಟ್ಟದಿಂದ ಹೊತ್ತು ತಂದವಳ ಹತ್ತಿರ ಜಗಳವಾಡಿ ಆರಿಸಿದೆ ಎಂದು ಹೆಂಡತಿ ಹೇಳಿದ್ದು ನೆನಪಿತ್ತು. ಹಾಗೆಯೇ ಹೇಳಿದೆ.

ಮುದುಕಿ ಎದ್ದು ಮಗನಿಗೆ ಗುಂಡಿ ತೋಡಲು ಗಡಾರಿ ತರಲು ಹೇಳಿದರು. ನನ್ನ ಕಡೆ ತಿರುಗಿ, "ಅಂಗಾದ್ರೆ ಇದು ನಮ್ ಬೆಟ್ಟದ್ ಹಲ್ಸು. ನಮ್ ಗಿಡಾನೇ ಇಷ್ಟ್ ದಿನ ಡಬ್ಬದಾಗ್ ಕೂಡಾಕ್ಕಂಡು, ನಾವೇ ಕಳ್ರು ಅನ್ನಂಗೆ ಬಂದ್ ನಿಂತಿದ್ದೀಯಲ್ಲ ವಾದ್ಯಾರೆ," ಎಂದರು.

ನನ್ನನ್ನು ಮುಟ್ಟಗೊಡದೆ, ಶಾಲೆಯ ಅದೇ ಮೂಲೆಯಲ್ಲಿ, ತಮ್ಮ ಕೈಯಿಂದಲೇ ನೆಟ್ಟರು. ಯಜಮಾನರು ಸುತ್ತ ಬೇಲಿ ಕಟ್ಟಿದರು.

ಬೇಲಿಯ ಬಾಗಿಲು ನನ್ನ ಕೋಣೆಯ ಕಡೆಗಿದೆ.